ಬಯಾಲಜಿ ಅರ್ಜಿಯ ಜೊತೆ ಚಿತ್ರಗಳನ್ನೂ ಕಳಿಸಿದ್ದು

ಅಮೆರಿಕದ ಕಾಲೇಜುಗಳಿಗೆ ಅರ್ಜಿ ಹಾಕುವಾಗ ನಾನು ಬಯಾಲಜಿ ಓದುತ್ತೇನೆ ಅಂತ ಬರೆದಿದ್ದೆ. ಅದರ ಜೊತೆಗೇ ಕೆಲವು ಕಾಲೇಜುಗಳಿಗೆ ನನ್ನ ಚಿತ್ರಗಳ ಪೋರ್ಟ್‌ಫೋಲಿಯೊ, ಅಂದರೆ ಆರಿಸಿದ ಕೆಲಸಗಳ ಒಂದು ಕಟ್ಟು, ಕಳಿಸಿದೆ. ಯಾರೂ ಕಡ್ಡಾಯ ಮಾಡಿರಲಿಲ್ಲ. ಅರ್ಜಿಯಲ್ಲಿ 'ಆಪ್ಷನಲ್' ಅಂತಲೇ ಇತ್ತು. ಆದರೂ ಆ ಒಂದು ಭಾಗಕ್ಕೆ ಹೋದ ಸಮಯ ಉಳಿದ ಎಲ್ಲಾ ಪ್ರಬಂಧಗಳಿಗೆ ಹೋದಷ್ಟೇ ಇತ್ತು. ಈ ವಿಷಯದ ಬಗ್ಗೆ ಕನ್ನಡದಲ್ಲಿ ಓದೋಕೆ ನನಗೆ ಏನೂ ಸಿಕ್ಕಿರಲಿಲ್ಲ. ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ಮೊದಲು ಒಂದು ವ್ಯತ್ಯಾಸ ಹೇಳಿಬಿಡುತ್ತೇನೆ. ಚಿತ್ರಕಲೆಯನ್ನೋ ಸಂಗೀತವನ್ನೋ ಮುಖ್ಯವಾಗಿ ಓದುವವರಿಗೆ ಪೋರ್ಟ್‌ಫೋಲಿಯೊ ಇಲ್ಲದೆ ಅರ್ಜಿಯೇ ಇಲ್ಲ. ರೋಡ್ ಐಲ್ಯಾಂಡ್ ಸ್ಕೂಲ್ ಆಫ್ ಡಿಸೈನ್ 12ರಿಂದ 20 ಕೆಲಸಗಳನ್ನು ಕೇಳುತ್ತದೆ. ಅದೂ ಪಕ್ಕದ ಬ್ರೌನ್ ಯೂನಿವರ್ಸಿಟಿಯೂ ಸೇರಿ ನಡೆಸುವ 5 ವರ್ಷದ ಡಬಲ್ ಡಿಗ್ರಿ ಇದೆ. ಅದಕ್ಕೆ ಎರಡೂ ಕಡೆ ಬೇರೆ ಬೇರೆ ಅರ್ಜಿ ಹಾಕಬೇಕು, ಎರಡೂ ಕಡೆ ಆಯ್ಕೆ ಆಗಬೇಕು. ಜೂಲಿಯಾರ್ಡ್‌ನಂಥ ಕಡೆ ಸಂಗೀತಕ್ಕೆ ಆಡಿಷನ್ ಇರುತ್ತದೆ. ಇದೆಲ್ಲ ಕಡ್ಡಾಯದ ದಾರಿ, ನಾನು ಹೋದದ್ದು ಆ ಕಡೆ ಅಲ್ಲ.

ಇನ್ನೊಂದು ದಾರಿ ಬೇರೆ ವಿಷಯ ಓದುವವರಿಗೆ. ನೀವು ಗಣಿತ ಓದಬಹುದು, ಇತಿಹಾಸ ಓದಬಹುದು. ಆದರೆ ವರ್ಷಗಟ್ಟಲೆ ಗಂಭೀರವಾಗಿ ಮಾಡಿಕೊಂಡು ಬಂದ ಕಲೆ ಒಂದು ಇದ್ದರೆ ಅದನ್ನೂ ನೋಡುತ್ತೇವೆ ಅನ್ನುವ ಕಾಲೇಜುಗಳಿವೆ. ಪ್ರಿನ್ಸ್‌ಟನ್‌ನಲ್ಲಿ ಇದಕ್ಕೆ ಆರ್ಟ್ಸ್ ಸಪ್ಲಿಮೆಂಟ್ ಅನ್ನುತ್ತಾರೆ. ಚಿತ್ರ, ಸಂಗೀತ, ನೃತ್ಯ, ನಾಟಕ, ಕತೆ-ಕವಿತೆ, ಆರ್ಕಿಟೆಕ್ಚರ್ ಎಲ್ಲಕ್ಕೂ ಜಾಗ ಇದೆ. ಎಂಐಟಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ 2013ರಲ್ಲಿ ಮೇಕರ್ ಪೋರ್ಟ್‌ಫೋಲಿಯೊ ಶುರು ಮಾಡಿತು. ಕೈಯಾರೆ ಯಂತ್ರ ಕಟ್ಟುವವರು, ಸರ್ಕ್ಯೂಟ್ ಮಾಡುವವರು, ಮರಗೆಲಸ ಮಾಡುವವರು ತಮ್ಮ ಕೆಲಸವನ್ನು ಅಲ್ಲಿ ತೋರಿಸಬಹುದು. ನನಗೆ ಅದು ತುಂಬಾ ಇಷ್ಟವಾದ ಸಂಗತಿ. ಎಲ್ಲಾ ಕಡೆ ಹೀಗಿಲ್ಲ. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ ಸಾಮಾನ್ಯ ಅರ್ಜಿಯಲ್ಲಿ ಬಯಾಲಜಿಗೆ ಸೇರುವ ನನ್ನಂಥವಳು ಚಿತ್ರ ಕಳಿಸೋಕೆ ಜಾಗವೇ ಇಲ್ಲ. ಕಲೆ, ಸಂಗೀತ, ನಾಟಕ ಇಂಥ ವಿಭಾಗಗಳಿಗೆ ಹೋಗುವವರನ್ನು ಮಾತ್ರ ಬೇರೆಯಾಗಿ ಕೇಳುತ್ತಾರೆ. ಜಾಗ ಇಲ್ಲದ ಕಡೆ ಇಮೇಲ್‌ನಲ್ಲೋ ಅಂಚೆಯಲ್ಲೋ ಕಳಿಸೋಕೆ ಹೋಗಬಾರದು. ಬೇಡ ಅಂದಿದ್ದನ್ನು ಅವರು ತೆರೆದು ನೋಡುವುದಿಲ್ಲ.

ನನ್ನ ಮುಂದೆ ಇದ್ದ ಪ್ರಶ್ನೆ, ಕಳಿಸಬೇಕಾ ಬೇಡವಾ. ಕಾಮನ್ ಆ್ಯಪ್ ಅಂದರೆ ಬಹಳಷ್ಟು ಕಾಲೇಜುಗಳಿಗೆ ಒಂದೇ ಕಡೆಯಿಂದ ಅರ್ಜಿ ಹಾಕುವ ತಾಣ. ಅದರಲ್ಲಿ ಚಟುವಟಿಕೆಗಳ ಪಟ್ಟಿ ಇರುತ್ತದೆ. ಒಟ್ಟು 10 ಸಾಲು, ಒಂದೊಂದರ ವಿವರಣೆಗೂ 150 ಅಕ್ಷರದ ಮಿತಿ. ಅಲ್ಲಿ 'ಚಿತ್ರ ಬಿಡಿಸುತ್ತೇನೆ' ಅಂತ ಬರೆದರೆ ಸಾಕಾಗುತ್ತದೆ ಅನ್ನುವವರೂ ಇದ್ದರು. ಅಪ್ಪನೂ ಅದನ್ನೇ ಹೇಳಿದರು. "ನೀನು ಡಾಕ್ಟರೋ ವಿಜ್ಞಾನಿಯೋ ಆಗೋಕೆ ಹೋಗ್ತಿದ್ದೀಯ. ಚಿತ್ರ ಯಾಕೆ ಮಧ್ಯದಲ್ಲಿ?" ಅವರ ಮಾತಿನಲ್ಲಿ ಅರ್ಥ ಇತ್ತು. ಡಿಸೆಂಬರ್ ತಿಂಗಳು ಅಂದರೆ ಪ್ರಬಂಧ, ಪ್ರಾಜೆಕ್ಟ್, ಶಾಲೆಯ ಪರೀಕ್ಷೆ ಎಲ್ಲಾ ಒಟ್ಟಿಗೆ ಬಂದು ಬೀಳುವ ತಿಂಗಳು.

ನಿರ್ಧಾರಕ್ಕೆ ಸಹಾಯ ಮಾಡಿದ್ದು ಒಂದೇ ವಿಷಯ. ಈ ಪೋರ್ಟ್‌ಫೋಲಿಯೊವನ್ನು ಯಾರು ನೋಡುತ್ತಾರೆ ಅನ್ನೋದು. ನಮ್ಮ ಅಂಕ, ಪ್ರಬಂಧ, ಶಿಕ್ಷಕರ ಪತ್ರಗಳನ್ನು ಓದುವವರು ಅಡ್ಮಿಷನ್ ಆಫೀಸಿನವರು. ಆದರೆ ಚಿತ್ರಗಳನ್ನು ಸಾಮಾನ್ಯವಾಗಿ ಆ ಕಾಲೇಜಿನ ಕಲಾ ವಿಭಾಗದ ಅಧ್ಯಾಪಕರಿಗೆ ಕಳಿಸುತ್ತಾರೆ. ಅವರು ನೋಡಿ ತಮ್ಮ ಅಭಿಪ್ರಾಯವನ್ನು ಅಡ್ಮಿಷನ್ ಆಫೀಸಿಗೆ ತಿಳಿಸುತ್ತಾರೆ. ಅಂದರೆ ನೋಡುವವರು ದಿನಾ ಇದೇ ಕೆಲಸ ಮಾಡುವವರು. 'ಹುಡುಗಿ ಚೆನ್ನಾಗಿ ಬಿಡಿಸ್ತಾಳೆ' ಅಂತ ನೆಂಟರು ಹೇಳುವ ಮಾತಿಗೆ ಅಲ್ಲಿ ಬೆಲೆ ಇಲ್ಲ. ಅವರು ಕೈಯ ಹಿಡಿತ ನೋಡುತ್ತಾರೆ, ಕಣ್ಣು ಎಲ್ಲಿ ನಿಂತಿದೆ ಅಂತ ನೋಡುತ್ತಾರೆ. ಸಾಧಾರಣ ಕೆಲಸ ಕಳಿಸಿದರೆ ಸಾಧಾರಣ ಅನ್ನುವ ಒಂದು ಟಿಪ್ಪಣಿ ನಮ್ಮ ಅರ್ಜಿಗೆ ನಾವೇ ಸೇರಿಸಿದ ಹಾಗಾಗುತ್ತದೆ. ಅದಕ್ಕೇ ಈ ಕಾಲೇಜುಗಳು ನಿಜವಾಗಿ ಬೆಳೆದ ಪ್ರತಿಭೆ ಇದ್ದರೆ ಮಾತ್ರ ಕಳಿಸಿ ಅಂತ ಒತ್ತಿ ಹೇಳೋದು. ಕಳಿಸದಿದ್ದರೆ ಏನೂ ಕಡಿಮೆ ಆಗುವುದಿಲ್ಲ ಅಂತ ಅವರು ಬರೆದಿದ್ದನ್ನು ನಾನು ಪೂರ್ತಿ ನಂಬುತ್ತೇನೆ. ಬಹಳ ಜನ ಏನೂ ಕಳಿಸದೆಯೇ ಸೀಟು ಪಡೆಯುತ್ತಾರೆ.

ಹಾಗಾಗಿ ನನ್ನ ಕೆಲಸ ಕಳಿಸುವ ಮಟ್ಟದ್ದಾ ಅಂತ ನನಗಿಂತ ಚೆನ್ನಾಗಿ ಗೊತ್ತಿರುವವರನ್ನು ಕೇಳಬೇಕಿತ್ತು. ನಮ್ಮ ಡ್ರಾಯಿಂಗ್ ಸರ್ ಹತ್ತಿರ ಹೋದೆ. ಅವರು "ಎಲ್ಲಾನೂ ತಗೊಂಬಾ, ಏನೂ ಆರಿಸಬೇಡ" ಅಂದರು.

ನೆಲದ ಮೇಲೆ ಎಲ್ಲಾ ಹರಡಿದೆವು. ಮುಖಗಳು ಜಾಸ್ತಿ ಇದ್ದವು. ಸಿನಿಮಾ ನಟರು, ಕ್ರಿಕೆಟ್ ಆಟಗಾರರು, ಒಂದೊಂದು ಕೂದಲೂ ಕಾಣುವ ಹಾಗೆ ಪೆನ್ಸಿಲ್‌ನಲ್ಲಿ ತಿದ್ದಿ ತೀಡಿದ್ದು. ನೋಡಿದವರೆಲ್ಲ ಮೆಚ್ಚಿಕೊಳ್ಳುತ್ತಿದ್ದ ಚಿತ್ರಗಳು ಅವು. ಸರ್ ಒಂದೊಂದನ್ನೇ ಎತ್ತಿ ನೋಡಿದರು. "ಇದು ಫೋಟೋ ನೋಡಿ ಮಾಡಿದ್ದಾ?" ಹೌದು ಸರ್. "ಇದು?" ಅದೂ ಫೋಟೋನೇ ಸರ್. ಅವನ್ನೆಲ್ಲ ಎಡಗಡೆ ಇಟ್ಟರು. "ಕೈ ಚೆನ್ನಾಗಿದೆ. ಆದ್ರೆ ನೋಡಮ್ಮ, ಬೆಳಕು ಎಲ್ಲಿಂದ ಬರಬೇಕು, ಎಷ್ಟು ದೂರದಿಂದ ನೋಡಬೇಕು, ಎಲ್ಲಿಗೆ ಕತ್ತರಿಸಬೇಕು, ಇದನ್ನೆಲ್ಲ ಫೋಟೋ ತೆಗೆದವನು ಆಗಲೇ ತೀರ್ಮಾನ ಮಾಡಿಬಿಟ್ಟಿದ್ದಾನೆ. ನಿನಗೆ ಉಳಿದಿದ್ದು ತುಂಬೋದು ಅಷ್ಟೆ." ಎಡಗಡೆಯ ರಾಶಿ ದೊಡ್ಡದಾಗುತ್ತಾ ಹೋಯಿತು.

ಬಲಗಡೆಗೆ ಹೋದದ್ದು ನಾನು ಯಾರಿಗೂ ತೋರಿಸದೆ ಇಟ್ಟಿದ್ದ ಹಾಳೆಗಳು. ನಮ್ಮಮ್ಮ ಮನೆಯಲ್ಲೇ ಬಟ್ಟೆ ಹೊಲಿಯುತ್ತಾರೆ. ಅವರು ಕೆಲಸ ಮಾಡುವಾಗ ಎದುರು ಕೂತು ಅವರ ಕೈಗಳನ್ನು ಚಾರ್ಕೋಲ್‌ನಲ್ಲಿ ಬಿಡಿಸುತ್ತಿದ್ದೆ. ಸೂಜಿಗೆ ದಾರ ಪೋಣಿಸುವಾಗ ಬೆರಳ ತುದಿ ಒಂದಕ್ಕೊಂದು ಒತ್ತುವ ರೀತಿ, ಬಟ್ಟೆಯನ್ನು ಸೂಜಿಯ ಕಡೆ ತಳ್ಳುವಾಗ ಅಂಗೈ ಚಪ್ಪಟೆಯಾಗೋದು, ಬಲಗೈ ಮಷಿನ್‌ನ ಚಕ್ರ ಹಿಡಿದು ನಿಲ್ಲಿಸೋದು. ಕೈ ಒಂದು ಕಡೆ ನಿಲ್ಲುತ್ತಲೇ ಇರಲಿಲ್ಲ. ಅದಕ್ಕೇ ಒಂದೊಂದು ಹಾಳೆಯಲ್ಲಿ ಅದೇ ಬೆರಳು ಎರಡು ಮೂರು ಜಾಗದಲ್ಲಿ ಇದೆ. ಹಳೇ ಗೆರೆ ಅಳಿಸದೆ ಮೇಲೆಯೇ ಹೊಸ ಗೆರೆ ಎಳೆದಿದ್ದೆ. ಸರ್ ಅಲ್ಲೇ ಬಗ್ಗಿ ಕೂತುಬಿಟ್ಟರು. "ಇದರಲ್ಲಿ ಕೈ ಹೊಲೀತಾ ಇದೆ" ಅಂದರು.

ಇನ್ನೊಂದು ಗುಂಪು ಬಯಾಲಜಿ ರೆಕಾರ್ಡ್ ಪುಸ್ತಕದಿಂದ ಬೆಳೆದದ್ದು. ದಾಸವಾಳದ ಹೂವನ್ನು ಉದ್ದಕ್ಕೆ ಸೀಳಿ, ಲೆನ್ಸ್ ಹಿಡಿದು ನೋಡಿ, ಇಂಡಿಯನ್ ಇಂಕ್‌ನಲ್ಲಿ ಚುಕ್ಕಿ ಇಟ್ಟು ಇಟ್ಟು ಶೇಡ್ ಮಾಡಿದ್ದು. ಕೇಸರಗಳೆಲ್ಲ ಕೂಡಿಕೊಂಡು ಒಂದು ಕೊಳವೆಯಾಗಿ, ಅದರ ಒಳಗಿಂದ ಶಲಾಕೆ ಹೊರಗೆ ಬಂದು ತುದಿಯಲ್ಲಿ 5 ಕವಲಾಗುತ್ತದಲ್ಲ, ಅದನ್ನು ಬಿಡಿಸುವಾಗಲೇ ನನಗೆ ಅದು ನಿಜವಾಗಿ ಅರ್ಥವಾದದ್ದು. ರೆಕಾರ್ಡ್‌ಗೆ ಒಂದು ಚಿತ್ರ ಸಾಕಿತ್ತು. ನಾನು ಆಮೇಲೂ ಮಾಡುತ್ತಲೇ ಹೋಗಿದ್ದೆ. ಬಾಡಿದ ಹೂ, ಉದುರಿದ ಹೂ, ಇರುವೆ ತಿಂದ ಎಸಳು.

ಆ ದಿನ ನನ್ನ ಅರ್ಜಿಯ ಬಗ್ಗೆ ಒಂದು ವಿಷಯ ಸ್ಪಷ್ಟವಾಯಿತು. ಬಯಾಲಜಿ ಒಂದು ಕಡೆ, ಚಿತ್ರ ಒಂದು ಕಡೆ ಅಂತ ನಾನು ಅಂದುಕೊಂಡಿದ್ದೆ. ಆದರೆ ಎರಡರಲ್ಲೂ ನಾನು ಮಾಡುತ್ತಿದ್ದದ್ದು ಒಂದೇ ಕೆಲಸ, ಕಣ್ಣೆದುರು ಇರೋದನ್ನು ಹೆಚ್ಚು ಹೊತ್ತು ನೋಡೋದು. ಪ್ರಬಂಧದಲ್ಲಿ ಇದನ್ನು ಹೇಳಿದರೆ ಬರೀ ಮಾತು. 650 ಪದದಲ್ಲಿ ಯಾರು ಬೇಕಾದರೂ 'ನನಗೆ ಗಮನಿಸುವುದು ಇಷ್ಟ' ಅಂತ ಬರೆಯಬಹುದು. ಚಿತ್ರದಲ್ಲಿ ಅದನ್ನು ನೋಡಿಯೇ ತಿಳಿಯಬಹುದು. ಪೋರ್ಟ್‌ಫೋಲಿಯೊ ಕಳಿಸೋಕೆ ಇದಕ್ಕಿಂತ ಒಳ್ಳೆಯ ಕಾರಣ ನನಗೆ ಇವತ್ತಿಗೂ ಗೊತ್ತಿಲ್ಲ. ಅರ್ಜಿಯ ಬೇರೆ ಯಾವ ಭಾಗದಲ್ಲೂ ಕಾಣಿಸದ ಏನೋ ಒಂದು ಅದರಲ್ಲಿ ಕಾಣಿಸಬೇಕು. ಕಾಣಿಸದಿದ್ದರೆ ಆ ಸಮಯವನ್ನು ಪ್ರಬಂಧಕ್ಕೆ ಕೊಡೋದೇ ಮೇಲು.

ಆರಿಸುವಾಗ ಸರ್ ಇಟ್ಟ ನಿಯಮ ಕಠಿಣವಾಗಿತ್ತು. ಅನುಮಾನ ಬಂದರೆ ತೆಗೆದುಬಿಡು. ಕಾಲೇಜು ಇಷ್ಟರವರೆಗೆ ಕಳಿಸಬಹುದು ಅಂದರೆ ಅಷ್ಟನ್ನೂ ತುಂಬಬೇಕು ಅಂತ ಅರ್ಥ ಅಲ್ಲ. ಹತ್ತು ಚಿತ್ರದಲ್ಲಿ ಎರಡು ಸಪ್ಪೆ ಇದ್ದರೆ ಆ ಎರಡೇ ಮನಸ್ಸಿನಲ್ಲಿ ಉಳಿಯುತ್ತವೆ. ಹಾಗೇ ಎಲ್ಲಾ ಮಾಧ್ಯಮವನ್ನೂ ತೋರಿಸುವ ಹಟ ಬೇಡ ಅಂದರು. ನನ್ನ ಜಲವರ್ಣಗಳು ನನಗೆ ಪ್ರೀತಿ. ಆದರೆ ಚಾರ್ಕೋಲ್ ಕೆಲಸದ ಪಕ್ಕ ಇಟ್ಟಾಗ ಅವು ಬೇರೆ ಯಾರೋ ಮಾಡಿದ ಹಾಗೆ ಕಾಣುತ್ತಿದ್ದವು. ಬಿಟ್ಟೆ. ಮುಖಗಳಲ್ಲಿ ಉಳಿದದ್ದು ಒಂದೇ, ಕನ್ನಡಿ ನೋಡಿಕೊಂಡು ಬಿಡಿಸಿದ ನನ್ನದೇ ಮುಖ. ನಿಮಗೆ ಚಿತ್ರ ಕಲಿಸುವವರು ಹತ್ತಿರ ಇಲ್ಲದಿದ್ದರೂ ಯಾರಾದರೂ ಕಲಾವಿದರಿಗೆ ತೋರಿಸಿ. ಅಮೆರಿಕದಲ್ಲೇ ಇರುವವರಿಗೆ ನ್ಯಾಷನಲ್ ಪೋರ್ಟ್‌ಫೋಲಿಯೊ ಡೇ ಅಂತ ನಡೆಯುತ್ತದೆ. ಕಲಾ ಕಾಲೇಜುಗಳವರು ಒಂದೇ ಕಡೆ ಸೇರಿ ಮಕ್ಕಳ ಕೆಲಸ ನೋಡಿ ಎದುರೆದುರೇ ಅಭಿಪ್ರಾಯ ಹೇಳುತ್ತಾರೆ. ಮನೆಯವರ, ಗೆಳೆಯರ ಮೆಚ್ಚುಗೆ ಇಲ್ಲಿ ದಾರಿ ತೋರಿಸುವುದಿಲ್ಲ.

ಇನ್ನು ಫೋಟೋ ತೆಗೆಯೋದು. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ ಅಂತ ಕೈಮುಗಿದು ಕೇಳುತ್ತೇನೆ. ನೋಡುವ ಅಧ್ಯಾಪಕರ ಮುಂದೆ ನಮ್ಮ ಹಾಳೆ ಇರುವುದಿಲ್ಲ, ಪರದೆಯ ಮೇಲೆ ಅದರ ಫೋಟೋ ಇರುತ್ತದೆ. ಫೋಟೋ ಮಂಕಾದರೆ ಚಿತ್ರವೇ ಮಂಕು.

ಚಾರ್ಕೋಲ್ ಹಾಳೆಗಳಿಗೆ ಮೊದಲು ಫಿಕ್ಸೆಟಿವ್ ಸ್ಪ್ರೇ ಹೊಡೆದೆ, ಇಲ್ಲದಿದ್ದರೆ ಎತ್ತಿ ಇಡುವಾಗಲೇ ಪುಡಿ ಉದುರುತ್ತದೆ. ಸ್ಪ್ರೇ ಹೊಡೆಯೋದು ಬಯಲಿನಲ್ಲಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು. ಆಮೇಲೆ ಹಾಳೆಯನ್ನು ಗೋಡೆಗೆ ಸಮನಾಗಿ ಅಂಟಿಸಿ, ಫೋನನ್ನು ಟ್ರೈಪಾಡ್ ಮೇಲೆ ಚಿತ್ರದ ನಡುಮಧ್ಯದ ಎತ್ತರಕ್ಕೇ ನಿಲ್ಲಿಸಿದೆ. ಫೋನ್ ಸ್ವಲ್ಪ ಮೇಲಕ್ಕೋ ಕೆಳಕ್ಕೋ ವಾಲಿದರೂ ಹಾಳೆಯ ಒಂದು ಅಂಚು ಚಿಕ್ಕದಾಗಿ ಕಾಣುತ್ತದೆ. ಕ್ಯಾಮೆರಾದಲ್ಲಿ ಗ್ರಿಡ್ ಗೆರೆ ಹಾಕಿಕೊಂಡರೆ ಅದು ತಕ್ಷಣ ಗೊತ್ತಾಗುತ್ತದೆ. ತೀರಾ ಹತ್ತಿರ ಹೋಗಬಾರದು. ಫೋನಿನ ಅಗಲದ ಲೆನ್ಸ್ ಅಂಚುಗಳನ್ನು ಬಗ್ಗಿಸುತ್ತದೆ. ದೂರ ನಿಂತು ಸ್ವಲ್ಪ ಝೂಮ್ ಮಾಡಿದರೆ ನೆಟ್ಟಗಾಗುತ್ತದೆ.

ಬೆಳಕಿನದ್ದೇ ದೊಡ್ಡ ಕೆಲಸ. ಚಾರ್ಕೋಲ್ ಬೆಳಕು ಹೀರಿಕೊಳ್ಳುತ್ತದೆ, ಅದರ ಫೋಟೋ ಸುಲಭ. ಪೆನ್ಸಿಲ್ ಹಾಗಲ್ಲ. ಗ್ರಾಫೈಟ್ ಹೊಳೆಯುತ್ತದೆ. ಕನ್ನಡಿ ನೋಡಿ ಬಿಡಿಸಿದ ನನ್ನ ಮುಖದಲ್ಲಿ ಕೂದಲಿನ ಭಾಗ ಪೂರ್ತಿ ಕಪ್ಪು. ಆದರೆ ಫೋಟೋದಲ್ಲಿ ಅದೇ ಎಲ್ಲಕ್ಕಿಂತ ಬೆಳ್ಳಗೆ ಮಿಂಚುತ್ತಿತ್ತು. ಅದಕ್ಕೆ ಫ್ಲ್ಯಾಷ್ ಬಂದ್ ಮಾಡಿ, ಒಂದೇ ತರದ ಎರಡು ದೀಪಗಳನ್ನು ಎರಡು ಪಕ್ಕದಿಂದ, ಸುಮಾರು 45 ಡಿಗ್ರಿ ಕೋನದಲ್ಲಿ ಇಡಬೇಕು. ಆಗ ಹೊಳಪು ಕ್ಯಾಮೆರಾ ಕಡೆ ಬರದೆ ಆಚೆ ಹೋಗುತ್ತದೆ. ದೀಪ ಇಲ್ಲದವರಿಗೆ ಮೋಡ ಕವಿದ ಹಗಲು ಸಾಕು. ನೇರ ಬಿಸಿಲು ಬೀಳದ ಜಾಗದಲ್ಲಿ ಬೆಳಕು ಎಲ್ಲಾ ಕಡೆ ಒಂದೇ ಸಮ ಬೀಳುತ್ತದೆ. ನೆರಳಿನಲ್ಲಿ ತೆಗೆದರೆ ಬಿಳಿ ಹಾಳೆ ಸ್ವಲ್ಪ ನೀಲಿಯಾಗಿ ಕಾಣುತ್ತದೆ. ಅಷ್ಟನ್ನು ವೈಟ್ ಬ್ಯಾಲೆನ್ಸ್‌ನಲ್ಲಿ ಸರಿಮಾಡಬಹುದು. ಅದಕ್ಕಿಂತ ಜಾಸ್ತಿ ತಿದ್ದಬಾರದು. ಮೂಲ ಹಾಳೆಯನ್ನು ಪಕ್ಕದಲ್ಲಿ ಇಟ್ಟುಕೊಂಡು ಫೋಟೋ ಅದರ ಹಾಗೇ ಇದೆಯಾ ಅಂತ ನೋಡುತ್ತಾ ಹೋದೆ. ಕಾಂಟ್ರಾಸ್ಟ್ ಏರಿಸಿದರೆ ಚಿತ್ರ ಜೋರಾಗಿ ಕಾಣುತ್ತದೆ ನಿಜ, ಆದರೆ ಅಮ್ಮನ ಕೈಯ ಬೂದು ಛಾಯೆಗಳೆಲ್ಲ ಸತ್ತುಹೋಗುತ್ತವೆ. ಗೋಡೆ, ಟೇಪು, ನನ್ನ ಬೆರಳು ಏನೂ ಕಾಣದ ಹಾಗೆ ಅಂಚಿಗೆ ಕ್ರಾಪ್ ಮಾಡಿದೆ. ಹಾಳೆಯ ಹೊರ ಅಂಚು ಮಾತ್ರ ಉಳಿಸಿಕೊಂಡೆ. ಕಾಗದದ ಅಂಚೂ ಚಿತ್ರದ ಭಾಗವೇ ಅಲ್ವಾ.

ಇದನ್ನೆಲ್ಲ ಹಾಕೋದು ಸ್ಲೈಡ್‌ರೂಮ್ ಅನ್ನುವ ತಾಣದಲ್ಲಿ. ಕಾಮನ್ ಆ್ಯಪ್ ಪ್ರತಿ ವರ್ಷ ಆಗಸ್ಟ್ 1ಕ್ಕೆ ತೆರೆಯುತ್ತದೆ. ಅದರಲ್ಲಿ ಕಾಲೇಜಿನ ಪ್ರಶ್ನೆಗಳ ಭಾಗದಲ್ಲಿ ಪೋರ್ಟ್‌ಫೋಲಿಯೊ ಕಳಿಸುತ್ತೀರಾ ಅಂತ ಕೇಳಿರುತ್ತಾರೆ. ಹೌದು ಅಂದರೆ ಮುಂದಿನ ದಾರಿ ತೋರಿಸುತ್ತದೆ. ಎಲ್ಲರೂ ಸ್ಲೈಡ್‌ರೂಮೇ ಬಳಸುವುದಿಲ್ಲ. ಕೆಲವು ಕಾಲೇಜುಗಳು ಅರ್ಜಿ ಹಾಕಿದ ಮೇಲೆ ಕೊಡುವ ತಮ್ಮದೇ ಪೋರ್ಟಲ್‌ನಲ್ಲಿ ಹಾಕಿಸಿಕೊಳ್ಳುತ್ತವೆ. ಸ್ಲೈಡ್‌ರೂಮ್‌ನಲ್ಲಿ ಸಾಮಾನ್ಯವಾಗಿ ಒಂದು ಚಿತ್ರದ ಫೈಲ್ 5 ಎಂಬಿ ಮೀರಬಾರದು. ಆಡಿಯೊಗೆ 30 ಎಂಬಿ, ವಿಡಿಯೊಗೆ 250 ಎಂಬಿ. ಐಫೋನ್‌ನಲ್ಲಿ ತೆಗೆದವರು ಜೆಪೆಗ್‌ಗೆ ಬದಲಾಯಿಸಿಕೊಂಡರೆ ತಲೆನೋವು ಕಡಿಮೆ. ಕಳಿಸೋಕೆ ಬೇರೆ ಶುಲ್ಕ ಇರುತ್ತದೆ, ಕಾಲೇಜಿನಿಂದ ಕಾಲೇಜಿಗೆ ಬೇರೆ. ಕಟ್ಟೋದು ಕಷ್ಟವಾದರೆ ವಿನಾಯಿತಿ ಕೇಳಬಹುದು. ಕೇಳೋಕೆ ಸಂಕೋಚ ಬೇಡ.

ಕೊನೇ ದಿನಾಂಕದ ವಿಷಯದಲ್ಲಿ ತುಂಬಾ ಜಾಗ್ರತೆ ಬೇಕು. ಅರ್ಜಿಯ ದಿನಾಂಕ ಒಂದು, ಪೋರ್ಟ್‌ಫೋಲಿಯೊ ದಿನಾಂಕ ಇನ್ನೊಂದು. ಕೆಲವು ಕಡೆ ಅರ್ಜಿ ಹಾಕಿದ ಮೇಲೆ ನಾಲ್ಕಾರು ದಿನ ಕೊಡುತ್ತಾರೆ. ಕೆಲವು ಕಡೆ ಉಲ್ಟಾ. ನಾನು ಸ್ಟ್ಯಾನ್‌ಫರ್ಡ್ ನೋಡಿದಾಗ ಆರ್ಟ್ಸ್ ಪೋರ್ಟ್‌ಫೋಲಿಯೊ ಕಳಿಸುವವರು ಇಡೀ ಅರ್ಜಿಯನ್ನೇ ಮುಂಚೆ ಹಾಕಬೇಕಿತ್ತು. ಉಳಿದವರಿಗೆ ಮುಂಚಿನ ಸುತ್ತಿಗೆ ನವೆಂಬರ್ 1, ಸಾಮಾನ್ಯ ಸುತ್ತಿಗೆ ಜನವರಿ 5 ಇದ್ದರೆ, ಪೋರ್ಟ್‌ಫೋಲಿಯೊದವರಿಗೆ ಅಕ್ಟೋಬರ್ 15 ಮತ್ತು ಡಿಸೆಂಬರ್ 5. ಎರಡು ವಾರದಿಂದ ಒಂದು ತಿಂಗಳ ವ್ಯತ್ಯಾಸ ಅಂದರೆ ಪ್ರಬಂಧಗಳೂ ಅಷ್ಟು ಮುಂಚೆ ಮುಗಿಯಬೇಕು. ಇನ್ನೊಂದು, ಗಡಿಯಾರ. ಕಾಮನ್ ಆ್ಯಪ್ ನಾವಿರುವ ಊರಿನ ಸಮಯದ ಪ್ರಕಾರ ರಾತ್ರಿ 11:59ರವರೆಗೆ ಅರ್ಜಿ ತೆಗೆದುಕೊಳ್ಳುತ್ತದೆ. ಪೋರ್ಟ್‌ಫೋಲಿಯೊಗೆ ಕಾಲೇಜು ತನ್ನ ಊರಿನ ಸಮಯ ಇಟ್ಟಿರಬಹುದು. ಜನವರಿಯಲ್ಲಿ ನ್ಯೂಯಾರ್ಕ್ ಕಡೆಯ ರಾತ್ರಿ 11:59 ಅಂದರೆ ಭಾರತದಲ್ಲಿ ಮಾರನೇ ದಿನ ಬೆಳಿಗ್ಗೆ 10:29. ಯಾವ ಗಡಿಯಾರ ಅಂತ ಮೊದಲೇ ನೋಡಿ ಬರೆದಿಟ್ಟುಕೊಂಡರೆ ಕೊನೇ ಗಳಿಗೆಯ ಗಾಬರಿ ಇರುವುದಿಲ್ಲ.

ಪ್ರತಿ ಚಿತ್ರಕ್ಕೂ ಹೆಸರು, ವರ್ಷ, ಮಾಧ್ಯಮ, ಅಳತೆ ತುಂಬಬೇಕು. ಅಳತೆ ಮುಖ್ಯ. ಪರದೆಯ ಮೇಲೆ ಅಂಗೈಯಗಲದ ಹೂವಿನ ಚಿತ್ರವೂ ಎ2 ಹಾಳೆಯ ಕೈಗಳೂ ಒಂದೇ ಗಾತ್ರದಲ್ಲಿ ಕಾಣುತ್ತವೆ. 42 × 59 ಸೆಂ.ಮೀ. ಅಂತ ಬರೆದಾಗಲೇ ಅಮ್ಮನ ಕೈ ನಿಜವಾದ ಕೈಗಿಂತ ದೊಡ್ಡದು ಅಂತ ಗೊತ್ತಾಗೋದು. ಅದರ ಕೆಳಗೆ ವಿವರಣೆಗೆ ಚಿಕ್ಕ ಜಾಗ ಇರುತ್ತದೆ. ಮೊದಲು ನಾನು ಬರೆದದ್ದು ತಾಯಿಯ ತ್ಯಾಗ, ದುಡಿಮೆಯ ಘನತೆ ಇಂಥ ಮಾತುಗಳನ್ನು. ಸರ್ ಓದಿ, "ಇದು ಚಿತ್ರದಲ್ಲಿ ಇದ್ರೆ ಕಾಣುತ್ತೆ. ಇಲ್ಲದಿದ್ರೆ ಬರೆದ್ರೂ ಬರಲ್ಲ. ನೀನು ಹೇಗೆ ಮಾಡ್ದೆ ಅಂತ ಹೇಳು" ಅಂದರು. ಕೊನೆಗೆ ಉಳಿದದ್ದು ಇಷ್ಟು: 'ಅಮ್ಮ ಹೊಲಿಯುತ್ತಿರುವಾಗ ಎದುರು ಕೂತು ಬಿಡಿಸಿದ್ದು. ಕೈ ಸರಿದಾಗಲೆಲ್ಲ ಹಳೇ ಗೆರೆ ಅಳಿಸದೆ ಹೊಸದು ಎಳೆದೆ.' ಹೂವಿನ ಚಿತ್ರಗಳಿಗೆ ಗಿಡದಿಂದ ಕಿತ್ತು ಎಷ್ಟು ಹೊತ್ತಾದ ಮೇಲೆ ಬಿಡಿಸಿದ್ದು, ಲೆನ್ಸ್ ಬಳಸಿದ್ದೆನಾ ಅನ್ನೋದನ್ನು ಬರೆದೆ. ವಿಜ್ಞಾನ ಓದುವವರ ಅಭ್ಯಾಸ ಅಲ್ಲಿ ತಾನಾಗಿ ಬಂತು.

ಕ್ರಮವನ್ನೂ ಯೋಚಿಸಿ ಇಟ್ಟೆ. ಒಂದು ಅರ್ಜಿಗೆ ಎಷ್ಟು ಹೊತ್ತು ಕೊಡುತ್ತಾರೋ ಹೇಳೋಕಾಗುವುದಿಲ್ಲ. ಆದ್ದರಿಂದ ಎಲ್ಲಕ್ಕಿಂತ ಗಟ್ಟಿಯಾದದ್ದು ಮೊದಲು. ಕೈಗಳು ಮೊದಲು ಬಂದವು, ನಡುವೆ ನನ್ನ ಮುಖ, ಆಮೇಲೆ ಹೂವುಗಳು. ಕೊನೆಗೂ ಒಂದು ಒಳ್ಳೆಯದನ್ನೇ ಉಳಿಸಿಕೊಂಡೆ. ಎಲ್ಲಾ ಕಡೆಗೂ ಒಂದೇ ಕಟ್ಟು ಹೋಗಲಿಲ್ಲ. ಒಂದೊಂದು ಕಾಲೇಜಿನ ಮಿತಿ ಒಂದೊಂದು, ಚಿಕ್ಕ ಮಿತಿ ಇದ್ದ ಕಡೆ ಹೂವುಗಳನ್ನು ಕಡಿಮೆ ಮಾಡಿದೆ.

ಕೆಲವು ಕಡೆ ಕಲಾ ಶಿಕ್ಷಕರ ಪತ್ರ, ಕಲೆಗೆ ಸಂಬಂಧಪಟ್ಟ ಒಂದು ಪುಟದ ರೆಸ್ಯೂಮೆ ಕೂಡ ಕೇಳುತ್ತಾರೆ. ಕಾಮನ್ ಆ್ಯಪ್‌ನಲ್ಲಿ ಪಾಠದ ಶಿಕ್ಷಕರಲ್ಲದೆ ಬೇರೆಯವರಿಂದಲೂ ಪತ್ರ ಬರೆಸೋಕೆ ಅವಕಾಶ ಇದೆ, ಅದರಲ್ಲಿ ಕಲಾ ಶಿಕ್ಷಕರು ಅನ್ನುವ ಆಯ್ಕೆಯೂ ಇದೆ. ಆದರೆ ಕಾಲೇಜು ಒಪ್ಪಿದರೆ ಮಾತ್ರ. ಸರ್‌ಗೆ ಇಂಗ್ಲಿಷಿನಲ್ಲಿ ಬರೆಯೋಕೆ ಹಿಂಜರಿಕೆ ಇತ್ತು. "ನನ್ನ ಇಂಗ್ಲಿಷ್ ನೋಡಿ ನಿನಗೆ ತೊಂದರೆ ಆಗಬಾರದಲ್ಲ" ಅಂದರು. ಆದರೂ ಅವರೇ ಬರೆದರು. ಆ ಪತ್ರದಲ್ಲಿ ಏನಿದೆ ಅಂತ ನನಗೆ ಗೊತ್ತಿಲ್ಲ. ನೋಡುವ ಹಕ್ಕು ಬಿಟ್ಟುಕೊಟ್ಟಿದ್ದೆ, ಹಾಗೆ ಬಿಟ್ಟುಕೊಡೋದೇ ವಾಡಿಕೆ. ಸರ್ ಅಂಥವರು ಸುಮ್ನೆ ಹೊಗಳುವವರಲ್ಲ, ಅದು ನನಗೆ ಸಾಕಿತ್ತು.

ಅದೇ ವರ್ಷ ನನ್ನ ಗೆಳತಿ ಪಿಟೀಲು ನುಡಿಸಿ ಕಳಿಸಿದಳು. ಸಂಗೀತದವರ ಕಷ್ಟ ಬೇರೆ. ರೆಕಾರ್ಡಿಂಗ್‌ನಲ್ಲಿ ಕತ್ತರಿಸಿ ಅಂಟಿಸುವ ಹಾಗಿಲ್ಲ, ಒಂದು ಭಾಗ ಅಂದರೆ ಶುರುವಿನಿಂದ ಕೊನೆವರೆಗೆ ಒಂದೇ ಉಸಿರಿನಲ್ಲಿ ನುಡಿಸಿದ್ದಾಗಬೇಕು. ಒಂದಕ್ಕೊಂದು ತದ್ವಿರುದ್ಧವಾದ ರಚನೆಗಳನ್ನು ಆರಿಸಿಕೊಳ್ಳೋದು ರೂಢಿ. ನಿಧಾನದ್ದೊಂದು, ಚುರುಕಿನದ್ದೊಂದು. ಅವಳು ಕರ್ನಾಟಕ ಸಂಗೀತ ಕಲಿತವಳು. ಆಲಾಪನೆಗೇ ಕಾಲು ಗಂಟೆ ಬೇಕು ಅನ್ನುವ ಮನೋಧರ್ಮದವಳು. ಕೊಟ್ಟಿದ್ದ ಕೆಲವೇ ನಿಮಿಷಕ್ಕೆ ರಾಗವನ್ನು ಇಳಿಸಬೇಕಾಯಿತು. ಅವಳ ಗುರುಗಳು ಮೊದಲ ನಿಮಿಷದಲ್ಲೇ ರಾಗದ ಜೀವ ಕಾಣಿಸುವ ಸಂಚಾರಗಳನ್ನು ಆರಿಸಿಕೊಟ್ಟರು. ಫ್ಯಾನ್ ಬಂದ್ ಮಾಡಿ, ಮೈಕನ್ನು ತಂಬೂರಿಯಿಂದ ಸ್ವಲ್ಪ ದೂರ ಇಟ್ಟು ರೆಕಾರ್ಡ್ ಮಾಡಿದರು. ಕೇಳುವವರಿಗೆ ಈ ಪದ್ಧತಿ ಹೊಸದಿರಬಹುದು ಅಂತ ವಿವರಣೆಯ ಜಾಗದಲ್ಲಿ ಎಲ್ಲಿಂದ ಎಲ್ಲಿವರೆಗೆ ತಾನೇ ಸ್ಥಳದಲ್ಲೇ ಕಲ್ಪಿಸಿ ನುಡಿಸಿದ್ದು, ಎಲ್ಲಿಂದ ಕೃತಿ ಶುರು ಅಂತ ನಿಮಿಷದ ಲೆಕ್ಕದಲ್ಲಿ ಬರೆದಳು. ಅದು ಬಹಳ ಒಳ್ಳೆಯ ಯೋಚನೆ ಅಂತ ನನಗೆ ಈಗಲೂ ಅನ್ನಿಸುತ್ತದೆ.

ಸಬ್ಮಿಟ್ ಒತ್ತುವ ಮೊದಲು ಬೇರೆ ಪರದೆಗಳಲ್ಲಿ ತೆರೆದು ನೋಡಿದೆ. ಅಣ್ಣನ ಲ್ಯಾಪ್‌ಟಾಪ್‌ನಲ್ಲಿ ಹೂವಿನ ಚುಕ್ಕಿಗಳು ಒಂದಕ್ಕೊಂದು ಸೇರಿ ಮಸಿ ಬಳಿದ ಹಾಗೆ ಕಾಣುತ್ತಿದ್ದವು. 5 ಎಂಬಿ ಒಳಗೆ ತರೋಕೆ ಫೈಲನ್ನು ಹಿಂಡಿದ್ದರಿಂದ ಹಾಗಾಗಿತ್ತು. ಅಳತೆ ಸ್ವಲ್ಪ ಕಡಿಮೆ ಮಾಡಿ, ಗುಣಮಟ್ಟ ಹೆಚ್ಚಿಟ್ಟು ಉಳಿಸಿದಾಗ ಚುಕ್ಕಿಗಳು ಬಿಡಿ ಬಿಡಿಯಾಗಿ ಕಂಡವು. ಒಮ್ಮೆ ಕಳಿಸಿದ ಮೇಲೆ ಬದಲಾಯಿಸೋಕೆ ಆಗುವುದಿಲ್ಲ ಅಂತಲೇ ಲೆಕ್ಕ ಹಾಕಿಕೊಂಡು ನೋಡಬೇಕು.

ಫಲಿತಾಂಶ ಮಾರ್ಚ್ ಕೊನೆಗೆ ಬಂತು. ಪೋರ್ಟ್‌ಫೋಲಿಯೊ ಕಳಿಸಿದ ಕಡೆಗಳಲ್ಲಿ ಒಂದು ಕಾಲೇಜು ತೆಗೆದುಕೊಂಡಿತು, ಉಳಿದವು ಬೇಡ ಅಂದವು. ಕಳಿಸದೆ ಇದ್ದ ಒಂದು ಕಡೆಯೂ ಸೀಟು ಸಿಕ್ಕಿತು. ಅಂದರೆ ಚಿತ್ರಗಳಿಂದಲೇ ಸಿಕ್ಕಿತು ಅಂತ ನಾನು ಹೇಳಲಾರೆ. ಯಾವ ಕಾಲೇಜೂ ಕಾರಣ ಹೇಳುವುದಿಲ್ಲ, ಅಧ್ಯಾಪಕರ ಟಿಪ್ಪಣಿಯನ್ನು ನಮಗೆ ತೋರಿಸುವುದೂ ಇಲ್ಲ. ಹೇಳಿದರೆ ಕಲಿಯೋಕೆ ಆಗುತ್ತಿತ್ತು ಅಂತ ನನಗೆ ಆಗಲೂ ಬೇಸರವಾಯಿತು, ಈಗಲೂ ಇದೆ. ಹದಿನೇಳು ಹದಿನೆಂಟು ವರ್ಷದವರು ಇಷ್ಟು ಪ್ರೀತಿಯಿಂದ ಕಳಿಸಿದ್ದಕ್ಕೆ ಎರಡು ಸಾಲು ಬರೆದರೆ ಎಷ್ಟು ದೊಡ್ಡದಾಗುತ್ತದೆ! ಆದರೆ ಅರ್ಜಿಗಳ ಸಂಖ್ಯೆ ನೋಡಿದರೆ ಅದು ಆಗದ ಮಾತು ಅಂತಲೂ ಗೊತ್ತು.

ನಾನು ಸೇರಿದ್ದು ಪೋರ್ಟ್‌ಫೋಲಿಯೊ ಕಳಿಸಿದ್ದ ಆ ಕಾಲೇಜಿಗೇ. ಅಲ್ಲಿ ಡ್ರಾಯಿಂಗ್ ಕೋರ್ಸಿಗೆ ಸೀಟು ಕಡಿಮೆ, ಬೇರೆ ವಿಭಾಗದವರು ತಮ್ಮ ಕೆಲಸ ತೋರಿಸಿ ಅನುಮತಿ ಪಡೆಯಬೇಕಿತ್ತು. ಪೂರ್ತಿ ಗಾತ್ರದ ಫೋಟೋಗಳು, ಅಳತೆ, ವಿವರಣೆ ಎಲ್ಲಾ ಒಂದು ಫೋಲ್ಡರ್‌ನಲ್ಲಿ ಇದ್ದೇ ಇದ್ದವು. ಅವನ್ನೇ ಕಳಿಸಿದೆ. ಮೇಡಂ ಒಪ್ಪಿಕೊಂಡರು, ದಾಸವಾಳದ ಚಿತ್ರಗಳ ಮೂಲ ಹಾಳೆಗಳನ್ನು ತಂದು ತೋರಿಸು ಅಂತ ಕೇಳಿದರು. ಹಾಳೆಗಳು ಮನೆಯಲ್ಲಿದ್ದವು. ಮುಂದಿನ ರಜೆಯಲ್ಲಿ ಹೋದಾಗ ಗಟ್ಟಿ ರಟ್ಟಿನ ನಡುವೆ ಇಟ್ಟುಕೊಂಡು ಬಂದೆ.